ಅಮಾತೆಪ್ಪನ ಹದಿನಾಲ್ಕು ಕಲ್ಲು

ಇಳಕಲ್ಲಿನ ಒಂದು ಓಣಿಯ ಬಸವಣ್ಣನ ಗುಡಿಯಲ್ಲಿ ಸೋಮವಾರಕ್ಕೊಮ್ಮೆ ಭಜನೆ ನಡೆಯುತ್ತದೆ. ಅದರಲ್ಲಿ ಅಮಾತೆಪ್ಪ ನಲವತ್ತು ವರ್ಷ ತಾಳ ಬಾರಿಸಿದ. ನಲವತ್ತು ವರ್ಷ ಅಂದರೆ ಹುಡುಗಾಟವಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಹಾಡುತ್ತೇನೆಂದು ಬಂದವನ ದನಿ ಕೇಳಿ ಆಗಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಇವನ ಬಾಯಿಗಿಂತ ಕೈ ವಾಸಿ ಎಂದು ಎರಡು ಹಿತ್ತಾಳೆಯ ತಾಳ ಕೊಟ್ಟು ಪೇಟಿಯ ಎದುರು ಕೂರಿಸಿದ್ದರು. ಪೇಟಿ ಅಂದರೆ ಹಾರ್ಮೋನಿಯಂ. ಎದುರು ಅಂದರೆ ಅದರ ಬೆನ್ನಿನ ಕಡೆ. ಬಾರಿಸುವವರ ಬೆರಳು ಎಲ್ಲೆಲ್ಲಿ ಓಡುತ್ತವೆ, ಬಿಳಿ ಪಟ್ಟಿ ಯಾವುದು, ಕರಿ ಪಟ್ಟಿ ಯಾವುದು, ಅವನಿಗೆ ಒಂದು ದಿನವೂ ಕಂಡಿದ್ದಿಲ್ಲ. ಅವನಿಗೆ ಕಾಣುತ್ತಿದ್ದದ್ದು ಬಿಚ್ಚಿ ಮುಚ್ಚುವ ತಿದಿ ಮಾತ್ರ.

ಆದರೆ ಆಸೆ ಇದ್ದೇ ಇತ್ತು. ಒಂದು ಸಲವಾದರೂ ಸ್ವರ ಬಾರಿಸಬೇಕು, ಹಾಡಿನ ಜೊತೆ ತಾನೂ ನಡೆಯಬೇಕು ಎಂದು. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಐವತ್ತೆಂಟನೇ ವಯಸ್ಸಿಗೆ ಹೇಳಿಕೊಳ್ಳುವಂಥ ಆಸೆಯೂ ಅದಾಗಿರಲಿಲ್ಲ.

ಹೊಟ್ಟೆಪಾಡಿಗೆ ಅವನದು ಊರ ಹೊರಗಿನ ಗ್ರಾನೈಟ್ ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಕೆಲಸ. ಹೋದ ಮಾಘದಲ್ಲಿ ಒಂದು ದಿನ ಕೆಂಪು ಕಲ್ಲಿನ ಹಲಗೆಯೊಂದನ್ನು ಅಳತೆಗೆ ಕೊಯ್ದಾಗ ಅಂಚಿನ ಪಟ್ಟಿಯೊಂದು ಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ. ಬದಲಿಗೆ ಠಣ್ ಎಂದು ಹಾಡಿತು, ಹಾಡಿ ಒಂದಿಷ್ಟು ಹೊತ್ತು ನಿಂತಿತು. ಮಶೀನಿನ ಗದ್ದಲದಲ್ಲೂ ಅಮಾತೆಪ್ಪನಿಗೆ ಅದು ಕೇಳಿತು. ಎತ್ತಿ ಎರಡು ಬೆರಳ ಮೇಲೆ ಇಟ್ಟು ಬಡಿದು ನೋಡಿದ, ಮತ್ತೆ ಹಾಡಿತು. ಬೇರೆ ಹಲಗೆಗಳ ತುಂಡು ಬಡಿದರೆ ದಪ್ಪ್ ದಪ್ಪ್. ಈ ಒಂದು ಹಲಗೆಗೆ ಮಾತ್ರ ಆ ಗುಣ. ಮಾಲಕರನ್ನು ಕೇಳಿ ಆ ಹಲಗೆಯ ಅಂಚು ಮೂಲೆಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಮನೆಗೆ ತಂದ. ಅವನ ಹೆಂಡತಿ ಸಿದ್ದಲಿಂಗವ್ವ ಚೀಲ ಬಿಚ್ಚಿ ನೋಡಿ, ಗಂಡಸರು ಹೊರಗಿನಿಂದ ಕಾಯಿಪಲ್ಲೆ ತರುತ್ತಾರೆ, ನಮ್ಮವರು ಕಲ್ಲು ತರುತ್ತಾರೆ ಎಂದು ಓಣಿಗೆಲ್ಲ ಕೇಳುವ ಹಾಗೆ ಅಂದಳು.

ಕಲ್ಲಿಗೆ ಸ್ವರ ಕೂಡಿಸುವುದಕ್ಕೆ ಅವನು ಹೋದದ್ದು ಅಹ್ಮದಸಾಬನ ಹತ್ತಿರ. ಬಸ್ ಸ್ಟ್ಯಾಂಡಿನ ಬದಿಗೆ ಪೇಟಿ ರಿಪೇರಿಯ ಅಂಗಡಿ ಇಟ್ಟವನು, ಸಾಲೆಯಲ್ಲಿ ಅಮಾತೆಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಬಾದಾಮಿ, ಹುನಗುಂದ, ಬಾಗಲಕೋಟೆ ಎಲ್ಲಿಂದ ಕರೆ ಬಂದರೂ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಹತ್ತುತ್ತಾನೆ. ಕಲ್ಲಿನ ವಿಷಯ ಕೇಳಿ ಅಹ್ಮದಸಾಬ ನಗಲಿಲ್ಲ. ಕಲ್ಲು ಗಿಡ್ಡಾದಷ್ಟೂ ಸ್ವರ ಏರುತ್ತದೆ, ಹೆಚ್ಚು ಏರಿತೆಂದರೆ ನಡುವೆ ಅಡಿಗೆ ಸ್ವಲ್ಪ ತೆಳ್ಳಗೆ ತಿಕ್ಕಿದರೆ ಇಳಿಯುತ್ತದೆ ಎಂದು ಇಬ್ಬರೂ ಎರಡು ದಿನದಲ್ಲಿ ಕಂಡುಕೊಂಡರು. ಆಮೇಲೆ ಅಹ್ಮದಸಾಬ ಬಾದಾಮಿಯ ಕಡೆ ಹೋದ. ಹೋಗುವಾಗ ಹಳೆಯ ಪೇಟಿಯೊಂದನ್ನು ಕೊಟ್ಟು, ಎಡಗಡೆಯಿಂದ ಮೊದಲನೇ ಬಿಳಿ ಪಟ್ಟಿಯನ್ನು ಸಾ ಅಂತ ಹಿಡಿ, ಅಲ್ಲಿಂದ ಏಳು ಸ್ವರ ಕೂಡಿಸು ಅಂದ.

ಅಮಾತೆಪ್ಪ ಕೂಡಿಸಿದ. ಮೂರು ತಿಂಗಳು, ಶೆಡ್ಡಿನಿಂದ ಬಂದ ಮೇಲೆ ಹಿತ್ತಲಿನಲ್ಲಿ ಕೂತು, ಪೇಟಿಯ ಬಿಳಿ ಪಟ್ಟಿ ಒಂದೊಂದೇ ಒತ್ತುತ್ತ, ಕಲ್ಲು ಬಡಿಯುತ್ತ, ತಿಕ್ಕುತ್ತ ಏಳು ಸ್ವರ ಎರಡು ಸಲ, ಒಟ್ಟು ಹದಿನಾಲ್ಕು ಕಲ್ಲು ಮಾಡಿದ. ಎರಡು ಹಗ್ಗದ ಮೇಲೆ ಸಾಲಾಗಿ ಮಲಗಿಸಿದ. ಪೇಟಿಯ ಕರಿ ಪಟ್ಟಿಗಳನ್ನು ಮಾತ್ರ ಅವನು ಮುಟ್ಟಿಯೇ ನೋಡಲಿಲ್ಲ. ಯಾಕೆ ಅಂದರೆ, ಶೆಡ್ಡಿನಲ್ಲಿ ಕಲ್ಲಿನ ಹಲಗೆ ಒಂದಕ್ಕೊಂದು ತಾಗಿ ಕೆಡಬಾರದೆಂದು ನಡುನಡುವೆ ಕಟ್ಟಿಗೆಯ ತುಂಡು ಸಿಕ್ಕಿಸಿ ನಿಲ್ಲಿಸುತ್ತಾರಲ್ಲ, ಇವೂ ಹಾಗೇ ಎಂದು ಅವನು ತಿಳಿದಿದ್ದ. ನಲವತ್ತು ವರ್ಷ ಪೇಟಿಯ ಬೆನ್ನು ನೋಡಿದವನಿಗೆ ಬೇರೆ ಏನು ತಿಳಿಯಬೇಕು ಹೇಳಿ.

ಆಷಾಢದ ಒಂದು ಸೋಮವಾರ ಅವನು ಕಲ್ಲುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಗುಡಿಗೆ ಹೋದ. ಕಾಲು ನೆಲದ ಮೇಲಿರಲಿಲ್ಲ. ಹೋದವನೇ ಎಲ್ಲರ ಮುಂದೆ ತನ್ನ ತಾಳ ತೆಗೆದು ಹಣಮಪ್ಪನಿಗೆ ಕೊಟ್ಟುಬಿಟ್ಟ. ಹಣಮಪ್ಪ ಕಿರಾಣಿ ಅಂಗಡಿಯವನು, ಎಷ್ಟೋ ವರ್ಷದಿಂದ ತಾಳದ ಮೇಲೆ ಕಣ್ಣಿಟ್ಟವನು. ಎರಡೂ ಕೈಯಲ್ಲಿ ಇಸಕೊಂಡು ಕಣ್ಣಿಗೊತ್ತಿಕೊಂಡ.

ಪೇಟಿ ಬಾರಿಸುವವರು ಶ್ರೀಶೈಲ ಮಾಸ್ತರರು. ಹುನಗುಂದದ ಸಾಲೆಯಿಂದ ನಿವೃತ್ತರಾಗಿ ಬಂದವರು, ಭಜನೆಗೆ ಅವರೇ ಹಿರಿಯರು. ಯಾವ ಹಾಡು, ಯಾವ ಶ್ರುತಿ, ಯಾರು ಎತ್ತಬೇಕು, ಎಲ್ಲ ಅವರ ಮಾತೇ. ಅವರ ಶ್ರುತಿ ಎಂದೂ ಬಿಳಿ ಒಂದು, ಅಂದರೆ ಆ ಮೊದಲನೇ ಬಿಳಿ ಪಟ್ಟಿಯೇ. ಅಂದು ಮೊದಲ ವಚನ ಎತ್ತಿದರು. ಅಮಾತೆಪ್ಪನ ಕಲ್ಲು ಸ್ವರಕ್ಕೆ ಸ್ವರ ಹೊಂದಿ ಗುಡಿಯ ಕಂಬಗಳೆಲ್ಲ ಗುಂಯ್ ಎಂದವು. ಹಾಡುವವರು ಹಾಡುತ್ತಲೇ ತಲೆದೂಗಿದರು. ಅಮಾತೆಪ್ಪನ ಕಣ್ಣು ತುಂಬಿ ಕಲ್ಲು ಮಸುಕಾದವು, ಆದರೂ ಕೈ ತಪ್ಪಲಿಲ್ಲ.

ಎರಡನೇ ವಚನ ಬೇರೆ ರಾಗ. ಮೊದಲ ಸಾಲಿನಲ್ಲೇ ಮಾಸ್ತರರು ಒಂದು ಸ್ವರ ಬಾರಿಸಿದರು, ಅಮಾತೆಪ್ಪನ ಕಲ್ಲು ಇನ್ನೊಂದು ಅಂದಿತು. ಎರಡೂ ಡಿಕ್ಕಿ ಹೊಡೆದ ಸದ್ದಿಗೆ ಮುಂದೆ ಕೂತ ಮುದುಕರೊಬ್ಬರು ಬೆಚ್ಚಿ ಕಿವಿ ಮುಚ್ಚಿಕೊಂಡರು. ಮಾಸ್ತರರು ಹಾಡು ನಿಲ್ಲಿಸಿ, ಅಮಾತೆಪ್ಪನನ್ನು ಮೊದಲ ಸಲ ಪೇಟಿಯ ತಮ್ಮ ಕಡೆಗೆ ಕರೆದು ತೋರಿಸಿದರು. ಕೆಲವು ರಾಗಗಳಲ್ಲಿ ಕೆಲವು ಸ್ವರ ತುಸು ತಗ್ಗಬೇಕು, ಒಂದರಲ್ಲಿ ಮಧ್ಯಮ ತುಸು ಏರಬೇಕು. ಅವಕ್ಕೆಂದೇ ಈ ಕರಿ ಪಟ್ಟಿ. ನಿನ್ನ ಕಲ್ಲಿನಲ್ಲಿ ಬಿಲಾವಲ ಒಂದೇ ಇದೆ, ನಮ್ಮ ಭಜನೆಯಲ್ಲಿ ಆರು ರಾಗ ಇವೆ ಎಂದು ಸಮಾಧಾನದಿಂದಲೇ ಹೇಳಿದರು. ಕೊನೆಯ ಮಾತು ಮಾತ್ರ ನಾಟಿತು.

"ಒಂದ ರಾಗ ನುಡಿಯೂದು ವಾದ್ಯ ಅಲ್ಲೋ ಅಮಾತೆಪ್ಪ, ಸಾಲಿ ಗಂಟಿ. ಆರು ರಾಗ ಬಂದ ದಿನಾ ತೊಗೊಂಬಾ, ನಾನ ಜಾಗಾ ಮಾಡಿ ಕೊಡ್ತೇನಿ."

ಸರಿ, ತಾಳಕ್ಕಾದರೂ ಕೂರೋಣವೆಂದು ತಿರುಗಿದರೆ ಹಣಮಪ್ಪ ಅದನ್ನು ಎದೆಗೆ ಅವಚಿಕೊಂಡು ಕೂತಿದ್ದ, ನೋಟ ಬೇರೆ ಕಡೆ ಇತ್ತು. ಕೊಟ್ಟದ್ದನ್ನು ಕೇಳಲು ಅಮಾತೆಪ್ಪನಿಗೆ ಬಾಯಿ ಬರಲಿಲ್ಲ. ನಲವತ್ತು ವರ್ಷದ ಮೇಲೆ ಆ ಗುಡಿಯ ಭಜನೆಯಲ್ಲಿ ಅವನಿಗೆ ಕೂರಲು ಜಾಗವೇ ಇಲ್ಲದಾಯಿತು.

ಅಹ್ಮದಸಾಬ ಬಾದಾಮಿಯಿಂದ ಬಂದು ಸಂಗತಿ ಕೇಳಿ ಹಣೆ ಬಡಿದುಕೊಂಡ. ಕರಿ ಪಟ್ಟಿಯನ್ನು ಸಂದಿಯ ಕಟ್ಟಿಗೆ ಅಂದುಕೊಂಡ ಮನುಷ್ಯ ಜಗತ್ತಿನಲ್ಲೇ ನೀನೊಬ್ಬ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ಅವನ ಮುಖ ನೋಡಿ ನಿಲ್ಲಿಸಿದ. ಏಳಕ್ಕೆ ಐದರಂತೆ ಇನ್ನು ಹತ್ತು ಕಲ್ಲು ಮಾಡಿದರೆ ಆಯಿತು ಅಂದ. ಆದರೆ ಹಾಡುವ ಆ ಹಲಗೆ ತೀರಿತ್ತು. ಅಮಾತೆಪ್ಪ ಶೆಡ್ಡಿನ ಹಲಗೆಗಳನ್ನೆಲ್ಲ ತಟ್ಟುತ್ತ ತಿರುಗಿದ, ಪಕ್ಕದ ಎರಡು ಶೆಡ್ಡಿಗೂ ಹೋದ, ಗುಡೂರಿನ ದಾರಿಯಲ್ಲಿ ಯಾರೋ ಮನೆ ಕಟ್ಟಲು ಇಳಿಸಿದ್ದ ಕಲ್ಲನ್ನೂ ಬಡಿದು ಬೈಸಿಕೊಂಡು ಬಂದ. ಎಲ್ಲ ದಪ್ಪ್ ದಪ್ಪ್. ಕಲ್ಲುಗಳನ್ನು ಹಿತ್ತಲ ಪಡಸಾಲೆಯಲ್ಲಿಟ್ಟು ಮೇಲೆ ಗೋಣಿತಟ್ಟು ಹೊಚ್ಚಿ ಹದಿನೈದು ದಿನ ಆ ಕಡೆ ತಿರುಗಲಿಲ್ಲ. ಊಟ ಕಡಿಮೆಯಾಯಿತು. ಸೋಮವಾರ ಸಂಜೆ ಭಜನೆಯ ದನಿ ಕೇಳಿಬಂದರೆ ಎದ್ದು ಕಿಟಕಿ ಮುಚ್ಚುತ್ತಿದ್ದ. ಸಿದ್ದಲಿಂಗವ್ವ ಅದನ್ನು ನೋಡಿದಳು, ಕೆಣಕುವುದನ್ನು ಬಿಟ್ಟಳು. ಗಂಡ ಸುಮ್ಮನಾದರೆ ಮನೆ ಎಷ್ಟು ಬಿಕೋ ಅನ್ನುತ್ತದೆಂದು ಅವಳಿಗೆ ಆಗಲೇ ಗೊತ್ತಾದದ್ದು.

ಶ್ರಾವಣ ಹತ್ತಿತು, ಜಿಟಿಜಿಟಿ ಮಳೆ. ಒಂದು ಸಂಜೆ ಬೇಜಾರಕ್ಕೆ ಅಮಾತೆಪ್ಪ ಪಡಸಾಲೆಗೆ ಹೋಗಿ ಕೂತ. ಗೋಣಿತಟ್ಟು ಅರ್ಧ ಸರಿಸಿ, ಬಡಿಗೆ ತಗೊಂಡು, ಕತ್ತಲ ಮೂಲೆಯಲ್ಲಿ ಎಡಗಡೆಯ ಮೊದಲನೇ ಕಲ್ಲಿನಿಂದ ಒಂದೊಂದೇ ಮೇಲೆ ಬಾರಿಸುತ್ತ ಹೋದ. ನಾಲ್ಕನೇ ಕಲ್ಲಿಗೆ ಕೈ ನಿಂತಿತು. ಇದು ಬಿಲಾವಲ ಅಲ್ಲ. ಮತ್ತೆ ಬಾರಿಸಿದ. ಎರಡನೇ ಸ್ವರ ಮೊದಲನೆಯದಕ್ಕೆ ಅಂಟಿದಂತೆ ಹತ್ತಿರ, ಮೂರನೆಯದು ತಗ್ಗಿದ್ದು. ಎಲ್ಲೋ ಕೇಳಿದ ನಡೆ, ಎಲ್ಲೋ ಏನು, ನಲವತ್ತು ವರ್ಷ ಪ್ರತಿ ಸೋಮವಾರ ಕಡೆಗೆ ಕೇಳಿದ ನಡೆ. ಭಜನೆ ಮುಗಿಸುವ ಮಂಗಳದ ಹಾಡು. ಭೈರವಿ. ಬಡಿಗೆ ತಾನಾಗಿ ಹಾಡಿನ ಜಾಡು ಹಿಡಿಯಿತು, ಒಂದು ಸ್ವರವೂ ಎಡವದೆ ಮಂಗಳ ಪೂರ್ತಿ ಬಂತು. ಅಮಾತೆಪ್ಪನ ಮೈ ಜುಮ್ ಎಂದಿತು. ಕಲ್ಲು ತಾವಾಗಿಯೇ ತಗ್ಗಿದವೇ, ತಂಪಿಗೆ ಸ್ವರ ಇಳಿಯಿತೇ, ಬಸವಣ್ಣನ ಕೃಪೆಯೇ ಎಂದು ಗಾಬರಿ ಬಿದ್ದು ಹೆಂಡತಿಯನ್ನು ಕೂಗಿದ.

ಅವಳು ಬಂದು ಕಲ್ಲು ನೋಡಿ ನಾಲಿಗೆ ಕಚ್ಚಿಕೊಂಡಳು. ಮಳೆಗೆ ನೆಲ ತಂಪು ಹಿಡಿದು ಜೋಳದ ಚೀಲ ಕೆಡುತ್ತದೆಂದು ಅಡಿಗೆ ಕೊಡಲು ಎರಡು ಉದ್ದನೆಯ ಕಲ್ಲು ಬೇಕಾಗಿದ್ದವು. ಹೇಗೂ ಬಿದ್ದಿವೆಯಲ್ಲ ಎಂದು ಸಾಲಿನ ಮೊದಲಿನ ಎರಡನ್ನು ಅವಳೇ ಎಳೆದುಕೊಂಡಿದ್ದಳು. ಬೈಯುತ್ತಾನೆಂದು ಕಾದರೆ ಅಮಾತೆಪ್ಪ ಕೂತಲ್ಲೇ ಲೆಕ್ಕ ಹಾಕುತ್ತಿದ್ದ. ಮೊದಲಿನ ಎರಡು ಹೋದವು ಅಂದರೆ ತಾನು ಶುರು ಮಾಡಿದ್ದು ಮೂರನೇ ಕಲ್ಲಿನಿಂದ. ಕಲ್ಲು ಅವೇ. ಬದಲಾದದ್ದು ಸಾ ಎಲ್ಲಿ ಅನ್ನುವುದು ಮಾತ್ರ.

ಎರಡು ಕಲ್ಲನ್ನು ಚೀಲದ ಅಡಿಯಿಂದ ಎಳೆದು ತಂದು ಸಾಲಿಗೆ ಇಟ್ಟು ಅವನು ಅಂಗಡಿಗೆ ಓಡಿದ. ಅಹ್ಮದಸಾಬ ಬಾಗಿಲು ಹಾಕುತ್ತಿದ್ದವನು ಬಂದ. ಹಿತ್ತಲಲ್ಲಿ ಇಬ್ಬರೂ ಒಂದೊಂದೇ ಕಲ್ಲನ್ನು ಸಾ ಮಾಡಿ ಏರಿ ಇಳಿದರು. ಒಂದನೆಯದರಿಂದ ಹೊರಟರೆ ಬಿಲಾವಲ, ಅದು ಗೊತ್ತಿದ್ದದ್ದೇ. ಎರಡನೆಯದರಿಂದ ಹೊರಟರೆ ಕಾಫಿ, ಮಾಸ್ತರರ ಪೇಟಿಗೆ ಡಿಕ್ಕಿ ಹೊಡೆದ ಅದೇ ವಚನದ ರಾಗ. ಮೂರಕ್ಕೆ ಭೈರವಿ. ನಾಲ್ಕನೆಯದರಿಂದ ಮಧ್ಯಮ ತುಸು ಏರಿದ ಯಮನ ಬಂದಾಗ ಅಹ್ಮದಸಾಬ ಸುಭಾನಲ್ಲಾ ಎಂದು ನೆಲಕ್ಕೇ ಕೂತ. ಐದಕ್ಕೆ ಖಮಾಜ, ಆರಕ್ಕೆ ಆಸಾವರಿ. ಏಳನೆಯದಕ್ಕೆ ಮಾತ್ರ ಪಂಚಮ ಕೂಡಲಿಲ್ಲ, ಎಷ್ಟು ಬಾರಿಸಿದರೂ ಕಾಲು ಮುರಿದ ಕುರ್ಚಿಯ ಹಾಗೆ ವಾಲುತ್ತಿತ್ತು. ಅದನ್ನು ಬಿಟ್ಟರು. ತನ್ನ ಉಸ್ತಾದರು ಹೀಗೆ ಸಾ ಬದಲಿಸುವುದಕ್ಕೆ ಮೂರ್ಛನೆ ಎಂದು ಹೆಸರು ಹೇಳಿದ್ದರು, ಆಗ ತನಗೆ ತಲೆಗೆ ಹೋಗಿರಲಿಲ್ಲ, ಈಗ ಕಲ್ಲು ಹೇಳಿಕೊಟ್ಟಿತು ಎಂದ ಅಹ್ಮದಸಾಬ. ಅಮಾತೆಪ್ಪ ಬೆರಳು ಮಡಚಿ ಎಣಿಸಿದ. ಬೇಕಾದದ್ದು ಆರು ರಾಗ, ಇದ್ದದ್ದೂ ಆರು.

"ಮಾಸ್ತರು ಮನಿ ಬಾಗಲಾ ಒಂದ ಕಡೆ ಇಟ್ಟು ಒಳಗಿನ ಸಾಮಾನು ಬದಲಿ ಮಾಡ್ತಾರ. ನಾ ಸಾಮಾನು ಅಲ್ಲೇ ಬಿಟ್ಟು ಬಾಗಲಾ ಬದಲಿ ಮಾಡ್ತೇನಿ," ಅಂದ ಅಮಾತೆಪ್ಪ. ತನ್ನ ಮಾತು ತನಗೇ ಇಷ್ಟವಾಗಿ ಇನ್ನೆರಡು ಸಲ ಅಂದ.

ಮರುದಿನ ಮಾಸ್ತರರ ಮನೆಗೆ ಕಲ್ಲು ಹೊತ್ತುಕೊಂಡು ಹೋದ, ಸಿದ್ದಲಿಂಗವ್ವನೂ ಜೊತೆಗೆ ಹೋದಳು. ಮಾಸ್ತರರು ಚಹಾ ತರಿಸಿ, ಎಲ್ಲಿ ಕೇಳೋಣ ಎಂದು ಗೋಡೆಯ ಪ್ಲಗ್ಗಿನಲ್ಲಿದ್ದ ಶ್ರುತಿಪೆಟ್ಟಿಗೆಯ ಸ್ವಿಚ್ಚು ಒತ್ತಿದರು. ಅದು ಅವರ ಬಿಳಿ ಒಂದನ್ನು ಗುಂಯ್ ಎಂದು ಹಿಡಿಯಿತು. ಅಮಾತೆಪ್ಪ ಮೂರನೇ ಕಲ್ಲಿನಿಂದ ಮಂಗಳ ಎತ್ತಿದ. ಮಾಸ್ತರರು ಹುಬ್ಬು ಗಂಟಿಕ್ಕಿ ಕೇಳಿ, ಮತ್ತೆ ಬಾರಿಸು ಅಂದರು. ಮತ್ತೆ ಬಾರಿಸಿದ. ಅವನ ಕಿವಿಗೇ ಅದು ಭೈರವಿಯಾಗಿ ಕೇಳಲಿಲ್ಲ. ದಾರಿ ತಪ್ಪಿ ಗಾಂಧಾರದ ಮೇಲೆ ಕೂತ ಬಿಲಾವಲದಂತೆ ಕೇಳಿತು. ಐದನೆಯದರಿಂದ ನೋಡಿದ, ಅದೂ ಹಾಗೇ. ಬಡಿಗೆ ಕೆಳಗಿಟ್ಟ. ಮಾಸ್ತರರು ನಕ್ಕು ಬೆನ್ನು ತಟ್ಟಿ, ಆಸೆ ಇದ್ದರೆ ಎಲ್ಲ ಕೇಳಿದಂತಾಗುತ್ತದೆ ಬಿಡು ಎಂದರು. ಆ ಬೆನ್ನು ತಟ್ಟಿದ್ದು ಬೈದದ್ದಕ್ಕಿಂತ ಹೆಚ್ಚು ನೋಯಿತು.

ಮನೆಗೆ ಬಂದ ಅಮಾತೆಪ್ಪ ಕಲ್ಲು ಇಳಿಸುವಾಗ, ಇವನ್ನು ನಿನ್ನ ಜೋಳದ ಚೀಲದ ಅಡಿಗೇ ಹಾಕಿಕೋ ಅಂದ. ಸಿದ್ದಲಿಂಗವ್ವ ಸೊಂಟಕ್ಕೆ ಕೈ ಇಟ್ಟು ನಿಂತಳು. ಅವಳಿಗೆ ರಾಗದ ಹೆಸರು ಒಂದೂ ಗೊತ್ತಿರಲಿಲ್ಲ, ಆದರೆ ಕಿವಿ ಚೆನ್ನಾಗಿದ್ದವು.

"ನಿನ್ನೆ ನಮ್ಮ ಮನ್ಯಾಗ ಬಂತಿಲ್ಲೋ? ಇವತ್ತ ಅವರ ಮನ್ಯಾಗ ಯಾಕ ಬರಲಿಲ್ಲ? ಆ ಡಬ್ಬಿ ಒಂದ ಸವನ ಗುಂಯ್ ಅನ್ನಾಕತ್ತಿತ್ತಲ್ರಿ. ನೀವು ಬಾಗಲಾ ಬದಲಿ ಮಾಡಿದ್ರಿ, ಅದು ಹಳೇ ಬಾಗಲದಾಗ ನಿಂತು ಒದರಾಕತ್ತಿತ್ತು."

ಅಮಾತೆಪ್ಪ ಹೆಂಡತಿಯನ್ನು ಬಾಯಿ ತೆರೆದು ನೋಡಿದ. ಅಹ್ಮದಸಾಬನನ್ನು ಕರೆಸಿದರು. ಅವನ ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಇತ್ತು, ಯಾವ ಪಟ್ಟಿಗೆ ಬೇಕಾದರೂ ಶ್ರುತಿ ತಿರುಗಿಸಬಹುದಾದದ್ದು. ಮೂರನೇ ಕಲ್ಲಿನ ಸ್ವರಕ್ಕೆ ಶ್ರುತಿ ತಿರುಗಿಸಿ ಮೂರರಿಂದ ಬಾರಿಸಿದರೆ ಭೈರವಿ ಭೈರವಿಯಾಗಿಯೇ ಬಂತು. ಶ್ರುತಿಯನ್ನು ಒಂದನೆಯದಕ್ಕೆ ತಂದರೆ, ಅದೇ ಕಲ್ಲು, ಅದೇ ಬಡಿಗೆ, ಅದೇ ಸಾಲು ಮತ್ತೆ ಬಿಲಾವಲ. ಅಂದರೆ ಬರೀ ಹೊರಡುವ ಕಲ್ಲು ಬದಲಿಸಿದರೆ ಸಾಲದು. ಹಿಂದಿನ ಶ್ರುತಿ, ಹಾಡುವ ಕೊರಳು, ಎಲ್ಲವೂ ಆ ಕಲ್ಲಿಗೇ ಬಂದು ಕೂರಬೇಕು. ಸಂತೋಷಕ್ಕೆ ಅಹ್ಮದಸಾಬ ಸಿದ್ದಲಿಂಗವ್ವನಿಗೆ, ವೈನಿ, ನೀವು ನಮ್ಮ ಉಸ್ತಾದರ ಉಸ್ತಾದರು ಎಂದು ಕೈ ಮುಗಿದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು.

ಆದರೆ ಇದನ್ನು ಮಾಸ್ತರರಿಗೆ ಹೇಳುವುದು ಯಾರು? ಬಿಳಿ ಒಂದನ್ನು ಬಿಟ್ಟು ಕದಲಿದವರಲ್ಲ ಅವರು. ಇನ್ನೊಮ್ಮೆ ಅವರ ಬಾಗಿಲಿಗೆ ಹೋಗಿ ಬೆನ್ನು ತಟ್ಟಿಸಿಕೊಳ್ಳಲು ಅಮಾತೆಪ್ಪನಿಗೆ ಧೈರ್ಯವಿರಲಿಲ್ಲ. ದಾರಿ ತೆಗೆದವಳು ಸಿದ್ದಲಿಂಗವ್ವನೇ.

ಶ್ರಾವಣದ ಕೊನೆಯ ಸೋಮವಾರ ಆ ಗುಡಿಯಲ್ಲಿ ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವವರೆಗೆ ಭಜನೆ. ನಡುವೆ ಒಂದು ಕ್ಷಣವೂ ದನಿ ತುಂಡಾಗಬಾರದು ಎಂಬುದು ಮೊದಲಿನಿಂದ ಬಂದ ಕಟ್ಟು. ಮಧ್ಯಾಹ್ನ ಗಂಡಸರು ಪ್ರಸಾದಕ್ಕೆ ಏಳುತ್ತಾರೆ. ಆ ಒಂದು ತಾಸು ಹೆಂಗಸರ ಪಾಳಿ. ಮಾಸ್ತರರೂ ಪ್ರಸಾದಕ್ಕೆ ಕೂರುವುದರಿಂದ ಆ ಹೊತ್ತಿಗೆ ಪೇಟಿ ಇರುವುದಿಲ್ಲ, ಶ್ರುತಿಪೆಟ್ಟಿಗೆ ಮಾತ್ರ ಬಿಳಿ ಒಂದರಲ್ಲಿ ಗುಂಯ್ ಅನ್ನುತ್ತಿರುತ್ತದೆ. ಆ ಶ್ರುತಿ ಹೆಂಗಸರ ಕೊರಳಿಗೆ ಒಗ್ಗುವುದಲ್ಲ. ಕೆಳಗೆ ಹಿಡಿದರೆ ಗೊಣಗಿದಂತಾಗುತ್ತದೆ, ಮೇಲೆ ಹಿಡಿದರೆ ಚೀರಿದಂತೆ. ಹಾಗಾಗಿ ಹೇಗೋ ಮಣಮಣ ಎಂದು ತಾಸು ದೂಡುತ್ತಿದ್ದರು. ಗಂಡಸರು ಅದನ್ನು ಕೇಳಿ, ಹೆಂಗಸರಿಗೆ ಅಡಿಗೆ ಮನೆಯಲ್ಲಿರುವ ದನಿ ಗುಡಿಯಲ್ಲಿ ಇರುವುದಿಲ್ಲ ಎಂದು ನಗುತ್ತ ಹುಗ್ಗಿ ಉಣ್ಣುತ್ತಿದ್ದರು. ಅಮಾತೆಪ್ಪನೂ ನಕ್ಕವನೇ.

ಆ ತಾಸಿಗೆ ಕಲ್ಲು ನಮ್ಮ ಕಡೆ ಇರಲಿ ಎಂದಳು ಸಿದ್ದಲಿಂಗವ್ವ. ಹೆಂಗಸರೆಲ್ಲ ಮೊದಲೇ ಮಾತಾಡಿಕೊಂಡಿದ್ದರು. ಒಂದು ವಾರ ಮಧ್ಯಾಹ್ನ ಅಹ್ಮದಸಾಬ ಶ್ರುತಿ ಹಿಡಿದುಕೊಂಡು ಒಂದೊಂದೇ ಕಲ್ಲಿಗೆ ಅವರ ಕೊರಳು ಕೂಡಿಸಿ ನೋಡಿದ. ಐದು ಮತ್ತು ಆರನೆಯ ಕಲ್ಲು ಅವರಿಗೆ ಹಿಡಿಸಿದವು. ಶೆಡ್ಡಿನಲ್ಲಿದ್ದ ಅಮಾತೆಪ್ಪನಿಗೆ ಅದು ಗೊತ್ತಿರಲಿಲ್ಲ. ಯಾವ ಕಲ್ಲು ಎಂದು ಅಲ್ಲೇ ಹೇಳುತ್ತೇವೆ, ನೀವು ಬಾರಿಸಿ ಸಾಕು ಎಂದಿದ್ದರು.

ಸೋಮವಾರ ಬಂತು. ಮಧ್ಯಾಹ್ನ ಗಂಡಸರು ಎದ್ದು ಪಕ್ಕದ ಪಡಸಾಲೆಯಲ್ಲಿ ಪಂಕ್ತಿಗೆ ಕೂತರು. ಮಾಸ್ತರರು ಪೇಟಿಗೆ ಅರಿವೆ ಹೊಚ್ಚಿ, ಹೋಗುವಾಗ ಹೆಂಗಸರ ನಡುವೆ ಕಲ್ಲು ಇಟ್ಟುಕೊಂಡು ಕೂತ ಅಮಾತೆಪ್ಪನನ್ನು ಒಮ್ಮೆ ನೋಡಿ ಪಂಕ್ತಿಗೆ ನಡೆದರು. ಅಮಾತೆಪ್ಪ, ಇವತ್ತೂ ಕೆಟ್ಟರೆ ಮುಂದೆ ಈ ಗುಡಿಗೆ ಕಾಲಿಡುವುದಿಲ್ಲ ಎಂದು ಬೆಳಗ್ಗೆಯೇ ಗಟ್ಟಿ ಮಾಡಿಕೊಂಡಿದ್ದ. ಮೆಟ್ಟಿಲ ಮೇಲೆ ಕೂತ ಅಹ್ಮದಸಾಬ ಗುಡಿಯ ಶ್ರುತಿಪೆಟ್ಟಿಗೆ ಬಂದ್ ಮಾಡಿಸಿ ತನ್ನ ಮೊಬೈಲಿಗೆ ಸ್ಪೀಕರ್ ಹಚ್ಚಿದ. ತಂಬೂರಿ ಮೊಳಗಿತು.

"ಐದು," ಅಂದಳು ಸಿದ್ದಲಿಂಗವ್ವ.

ಐದನೇ ಕಲ್ಲು ಬಾರಿಸಿದ. ಮುಂದೆ ಕೂತ ಬಾಳಮ್ಮ ಖಮಾಜದ ವಚನ ಎತ್ತಿದಳು, ಉಳಿದವರು ಹಿಂದೆ ಬಂದರು. ಮಣಮಣ ಇಲ್ಲ. ಹನ್ನೆರಡು ಮಂದಿ ಹೆಂಗಸರ ದನಿ ಬಾಗಿಲು ತೆರೆದ ಹಾಗೆ ಹೊರಗೆ ಬಂತು. ಅಮಾತೆಪ್ಪನಿಗೆ ಮೊದಲು ಭಯವಾಯಿತು, ಆಮೇಲೆ ಭಯಕ್ಕೆ ಪುರಸೊತ್ತು ಇಲ್ಲದಾಯಿತು. ಕಲ್ಲು ಅವರ ಜೊತೆ ಹೊಂದಿತು, ತಪ್ಪಿದರೆ ಅವರೇ ಎಳೆದುಕೊಂಡು ಹೋದರು. ಆ ವಚನ ಮುಗಿಯುತ್ತಲೇ ಸಿದ್ದಲಿಂಗವ್ವ ಅವನ ಕಡೆ ನೋಡದೆ ಎರಡೂ ಕೈಯೆತ್ತಿ ಆರು ಬೆರಳು ತೋರಿಸಿದಳು. ಅಹ್ಮದಸಾಬ ಶ್ರುತಿ ತಿರುಗಿಸಿದ. ಅವಳೇ ಎತ್ತಿದಳು.

ಅದು ಅವಳ ತವರಿನ ವಚನ, ತಾಯಿಯಿಂದ ಕಲಿತದ್ದು, ಆಸಾವರಿ. ಮದುವೆಯಾಗಿ ಮೂವತ್ತಾರು ವರ್ಷ. ಒಲೆಯ ಮುಂದೆ ಅವಳು ಗುನುಗುವುದನ್ನು ಅಮಾತೆಪ್ಪ ಕೇಳಿದ್ದ, ಗುಡಿಯಲ್ಲಿ ಗೊಣಗುವುದನ್ನು ಕೇಳಿದ್ದ, ಹಾಡುವುದನ್ನು ಕೇಳಿಯೇ ಇರಲಿಲ್ಲ. ದನಿ ತುಸು ಒರಟು, ಗಟ್ಟಿ, ಮೇಲಿನ ಸ್ವರಕ್ಕೆ ಹೆದರದೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಇಂಥ ದನಿ ತನ್ನ ಮನೆಯಲ್ಲೇ ಇತ್ತಲ್ಲ, ತಾನು ನಲವತ್ತು ವರ್ಷ ಪೇಟಿಯ ಬೆನ್ನು ನೋಡುತ್ತ ಕೂತೆನಲ್ಲ ಎಂದು ಅವನಿಗೆ ಅಳು ಬಂತು, ಅಳುತ್ತಲೇ ನಗು ಬಂತು. ಬಡಿಗೆ ಎತ್ತಿದ ಕೈ ಹಾಗೇ ನಿಂತಿತ್ತು. ಅವಳು ಹಾಡುತ್ತಲೇ ಮೊಣಕೈಯಿಂದ ತಿವಿದಳು, ಅವನು ಬಾರಿಸಿದ.

ಪಕ್ಕದ ಪಡಸಾಲೆಯಲ್ಲಿ ಹುಗ್ಗಿ ಬಡಿಸುವವರು ಸೌಟು ಹಿಡಿದು ನಿಂತುಬಿಟ್ಟರು. ಪಂಕ್ತಿಯಲ್ಲಿ ಮಾತು ನಿಂತಿತು. ಅರ್ಧ ಊಟಕ್ಕೇ ಕೈ ತೊಳೆದು ಒಬ್ಬೊಬ್ಬರೇ ಬಂದು ಕಂಬಕ್ಕೆ ಒರಗಿದರು. ಹಣಮಪ್ಪ ತಾಳ ತರಲು ಮರೆತು ಬರಿಗೈಯಲ್ಲಿ ತೊಡೆ ತಟ್ಟುತ್ತಿದ್ದ. ತಾಸು ಮುಗಿದು ಗಂಡಸರ ಪಾಳಿ ಬಂದರೂ ಯಾರೂ ಏಳಿ ಅನ್ನಲಿಲ್ಲ, ಹೆಂಗಸರೂ ಏಳಲಿಲ್ಲ. ಮತ್ತೆ ಅದೇ ವಚನದ ಪಲ್ಲವಿಗೆ ಬಂದರು.

ಶ್ರೀಶೈಲ ಮಾಸ್ತರರು ಎಲ್ಲರಿಗಿಂತ ಕೊನೆಗೆ ಬಂದರು. ಬಾಗಿಲಲ್ಲಿ ನಿಂತು ಅಮಾತೆಪ್ಪನ ಬಡಿಗೆಯನ್ನೇ ನೋಡಿದರು. ಅದು ಆ ಹದಿನಾಲ್ಕು ಕಲ್ಲನ್ನು ಬಿಟ್ಟು ಎಲ್ಲೂ ಹೋಗುತ್ತಿರಲಿಲ್ಲ, ಆದರೂ ಆಸಾವರಿ ಆಸಾವರಿಯಾಗಿಯೇ ಬರುತ್ತಿತ್ತು. ಮಾಸ್ತರರು ಬೆರಳಿನ ಗೆಣ್ಣಿನ ಮೇಲೆ ಸ್ವರ ಎಣಿಸಿದರು. ಎಣಿಸಿ ಮುಗಿಸಿ, ಮತ್ತೊಮ್ಮೆ ಎಣಿಸಿದರು. ಅವರು ಒಣ ಜಂಬದವರಲ್ಲ. ಕೇಳಿದ್ದನ್ನು ಕೇಳಿಲ್ಲವೆನ್ನುವವರೂ ಅಲ್ಲ. ತಮ್ಮ ಜಾಗಕ್ಕೆ ಬಂದು ಪೇಟಿಯ ಮೇಲಿನ ಅರಿವೆ ತೆಗೆದರು. ತೆಗೆದು ಪೇಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೆಂಗಸರ ಕಡೆ ತಂದು, ಅಮಾತೆಪ್ಪನ ಮಗ್ಗುಲಿಗೆ, ಪಟ್ಟಿಗಳು ಅವನಿಗೂ ಕಾಣುವ ಹಾಗೆ ಇಟ್ಟುಕೊಂಡು ಕೂತರು. ಹಾಡು ನಡೆದೇ ಇತ್ತು. ಅವರು ಬಾಗಿ, ಆ ಗುಡಿಯಲ್ಲಿ ಈವರೆಗೆ ತಾವೇ ತೀರ್ಮಾನಿಸುತ್ತಿದ್ದುದನ್ನು ಅವನಿಗೆ ಕೇಳಿದರು.

"ಅಮಾತೆಪ್ಪ, ಸಾ ಎಲ್ಲಿ ಹಿಡೀಲೋ?"

ಅಮಾತೆಪ್ಪ ಬಡಿಗೆಯಿಂದ ಆರನೇ ಕಲ್ಲನ್ನು ಮೆಲ್ಲಗೆ ಒಮ್ಮೆ ಬಾರಿಸಿ ತೋರಿಸಿದ. ಮಾಸ್ತರರು ಎಡಗಡೆಯಿಂದ ಬಿಳಿ ಪಟ್ಟಿ ಎಣಿಸುತ್ತ ಹೋಗಿ ಆರನೆಯದರ ಮೇಲೆ ಬೆರಳಿಟ್ಟರು.